ಕುಡಿತ ಬಿಡಿಸಲು ಹೊರಟವರಿಗೆ: ನಾವು ಎರಡು ಸಲ ತಪ್ಪಿದ್ದು ಹೀಗೆ

ಕೇರಳದ ಗಡಿನಾಡು ಕಾಸರಗೋಡಿನ ಬದಿಯಡ್ಕದ ಆಸುಪಾಸಿನ ನಮ್ಮ ಮನೆಯಲ್ಲಿ ನಡೆದ ಎರಡು ತಪ್ಪುಗಳನ್ನು ಅಣ್ಣನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನ ಕುಡಿತ ಬಿಡಿಸುವಾಗ, ಆಸ್ಪತ್ರೆಯಲ್ಲಿ ಮಲಗಿಸಲೇಬೇಕಾಗಿದ್ದ ಸಲ ಮನೆಯಲ್ಲಿಟ್ಟುಕೊಂಡೆವು. ಮನೆಯಿಂದಲೇ ಹೋಗಿಬಂದು ಚಿಕಿತ್ಸೆ ಪಡೆಯಬಹುದಿತ್ತೇನೋ ಎಂಬಂತಿದ್ದ ಸಲ ದೂರದ ಕೇಂದ್ರವೊಂದರಲ್ಲಿ ಕೂಡಿಹಾಕಿದೆವು. ಎರಡೂ ಸಲ ನಮ್ಮ ಪರವಾಗಿ ತೀರ್ಮಾನ ಮಾಡಿದ್ದು ಊರವರು ಏನೆಂದಾರು ಎಂಬ ಅಂಜಿಕೆ.

ಮೊದಲನೆಯದು ಮಳೆಗಾಲದಲ್ಲಿ, ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ನಡೆಯಿತು. ಭಾನುವಾರ ರಾತ್ರಿ ಕೊನೆಯದಾಗಿ ಕುಡಿದು, ಸೋಮವಾರ ಬೆಳಿಗ್ಗೆ ತಾನಾಗಿಯೇ ‘ಇನ್ನು ಸಾಕು’ ಎಂದ ಅಣ್ಣನನ್ನು ಡಾಕ್ಟರ ಬಳಿಗೆ ಕರೆದೊಯ್ದೆ. ‘ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದದ್ದುಂಟೇ?’ ಎಂದು ಅವರು ಕೇಳಿದಾಗ ಅಣ್ಣ ನನ್ನ ಮುಖ ನೋಡಿದ. ಬಂದದ್ದುಂಟು. ಎರಡು ವರ್ಷದ ಹಿಂದೆ ಬಚ್ಚಲಿನ ಬಳಿ ಬಿದ್ದು ಕೈಕಾಲು ಸೆಟೆದಿದ್ದ. ಅವನ ಮಗಳಿಗೆ ಗಂಡು ನೋಡುತ್ತಿದ್ದ ಹೊತ್ತಾದುದರಿಂದ, ಮನೆಗೆ ಅಪಸ್ಮಾರದ ಹೆಸರು ಬರಬಾರದೆಂದು ಅದನ್ನು ತಲೆಸುತ್ತು ಎಂದು ಹೇಳಿ ಮುಗಿಸಿದ್ದೆವು. ಡಾಕ್ಟರ ಎದುರಿಗೂ ‘ಇಲ್ಲ’ ಎಂದವನು ನಾನೇ. ಅವರು ನನ್ನ ಮಾತನ್ನು ನಂಬಿ, ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗುವ ಮಾತ್ರೆಗಳನ್ನು ಕೊಟ್ಟು, ಮರುದಿನವೇ ಬಂದು ತೋರಿಸಲು ಹೇಳಿದರು.

ಮರುದಿನ ಅಡಿಕೆಗೆ ಮದ್ದು ಬಿಡುವವರು ಬಂದಿದ್ದರು, ನಾವು ಹೋಗಲಿಲ್ಲ. ಮಾತ್ರೆಯಿಂದ ಮಂಪರು ಬರುತ್ತದೆಂದು ಅಣ್ಣ ಮಧ್ಯಾಹ್ನದ್ದನ್ನು ತಾನೇ ಬಿಟ್ಟ. ಆ ರಾತ್ರಿ ಜಗಲಿಯಲ್ಲಿ ಕುಳಿತು ಬೈರಾಸಿನಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಅಂಗಳಕ್ಕೆ ಬಿಸಾಡುತ್ತಿದ್ದ. ಬಹಳ ಶ್ರದ್ಧೆಯಿಂದ, ನಡುಗುವ ಬೆರಳುಗಳಲ್ಲಿ. ಅತ್ತಿಗೆ ಕರೆದರೆ ಅವರನ್ನು ತೀರಿಹೋದ ಅಜ್ಜಿಯ ಹೆಸರಿನಿಂದ ಕರೆದ. ಬೆಳಗಿನ ಜಾವ ಫಿಟ್ಸ್ ಬಂತು. ತಲಪಾಡಿ ದಾಟಿ ಮಂಗಳೂರು ಮುಟ್ಟುವಷ್ಟರಲ್ಲಿ ಇನ್ನೊಮ್ಮೆ ಬಂತು. ನಾಲ್ಕು ದಿನ ಐಸಿಯುವಿನಲ್ಲಿದ್ದ.

ಅಲ್ಲಿಯ ಡಾಕ್ಟರು ವಿವರಿಸಿದ್ದು ಎಲ್ಲ ಮನೆಯವರಿಗೂ ತಿಳಿದಿರಬೇಕಾದ ವಿಷಯ. ವರ್ಷಗಟ್ಟಲೆ ದಿನವೂ ಕುಡಿಯುವವನ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನನ್ನು ಸದಾ ಕೆರಳಿಸಿಟ್ಟುಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಕೆರಳಿಕೆಯನ್ನು ತಡೆಯುವುದಕ್ಕೆ ಏನೂ ಉಳಿಯುವುದಿಲ್ಲ. ನಡುಕ, ಬೆವರು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತವೆ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ. ಇಲ್ಲದ್ದನ್ನು ಕಾಣುವ, ಹೊತ್ತುಗೊತ್ತಿನ ಪರಿವೆ ತಪ್ಪುವ ಡೆಲಿರಿಯಮ್ ಟ್ರೆಮೆನ್ಸ್ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಬರುತ್ತದೆ, ಮತ್ತು ಅದು ಜೀವ ತೆಗೆಯಬಲ್ಲದು. ಹಿಂದೆ ಇವುಗಳಲ್ಲಿ ಯಾವುದಾದರೂ ಬಂದಿದ್ದರೆ, ಲಿವರ್ ಅಥವಾ ಹೃದಯದ ಕಾಯಿಲೆಯಿದ್ದರೆ, ಸಾಯುವ ಮಾತು ಆಡುತ್ತಿದ್ದರೆ, ಹಗಲು ರಾತ್ರಿ ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ ದಾಖಲಾಗಿಯೇ ನಿಲ್ಲಿಸಬೇಕು. ಇವು ಯಾವುವೂ ಇಲ್ಲದವರು ಹಲವರು ಹೊರರೋಗಿಯಾಗಿಯೇ ನಿಲ್ಲಿಸುತ್ತಾರೆ. ‘ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸರಿಯಾಗುತ್ತದೆ’ ಎಂಬ ನಮ್ಮೂರಿನ ಮಾತನ್ನು ನಂಬಬೇಡಿ. ಕುಡಿಯುವವರಲ್ಲಿ ವಿಟಮಿನ್ ಬಿ1 ಬತ್ತಿಹೋಗಿರುವುದುಂಟು, ಗ್ಲೂಕೋಸ್ ಆ ಕೊರತೆಯನ್ನು ತುಂಬದು. ಆಸ್ಪತ್ರೆಯಲ್ಲಿ ಬಿ1 ಇಂಜೆಕ್ಷನ್ ಕೊಡುವುದು ಅದಕ್ಕಾಗಿಯೇ.

ಎರಡು ತಿಂಗಳ ಬಳಿಕ ಅವನು ಮತ್ತೆ ಸ್ವಲ್ಪ ಸ್ವಲ್ಪ ಶುರು ಮಾಡಿದ. ಈ ಸಲ ಒಂದೇ ವಾರದಲ್ಲಿ ನಮಗೆ ತಿಳಿಯಿತು, ನಡುಕವೂ ಇರಲಿಲ್ಲ. ಹಿಂದೆ ಫಿಟ್ಸ್ ಬಂದಿದ್ದರಿಂದ ದಾಖಲಾತಿ ಬೇಕೋ ಬೇಡವೋ ಎಂದು ಡಾಕ್ಟರೇ ಹೇಳಬೇಕಿತ್ತು. ಅವರಿಗೆ ತೋರಿಸಿದ್ದರೆ ವಾರಕ್ಕೊಮ್ಮೆ ಬಂದು ಹೋಗಿ ಎನ್ನುತ್ತಿದ್ದರೋ ಏನೋ, ನಾವು ತೋರಿಸಲಿಲ್ಲ. ಹೆದರಿಕೆಯಲ್ಲಿ, ಯಾರಿಗೂ ಗೊತ್ತಾಗದಷ್ಟು ದೂರವಿರಲಿ ಎಂದು, ರೈಲಿನಲ್ಲಿ ಏಳೆಂಟು ಗಂಟೆ ದಕ್ಷಿಣಕ್ಕಿರುವ ಒಂದು ಸೆಂಟರಿಗೆ ಮೂರು ತಿಂಗಳ ಹಣವನ್ನು ಮುಂಗಡ ಕಟ್ಟಿ ಬಿಟ್ಟುಬಂದೆವು. ಮೊದಲ ಹದಿನೈದು ದಿನ ಫೋನಿಲ್ಲ. ಆಮೇಲೆ ಫೋನು ಸ್ಪೀಕರಿನಲ್ಲಿ, ಎದುರಿಗೆ ಒಬ್ಬರು ಕುಳಿತು. ಹತ್ತೊಂಬತ್ತನೆಯ ದಿನ ಹೇಳದೆ ಕೇಳದೆ ಹೋದಾಗ ತಿಳಿದದ್ದೆಂದರೆ, ಅಷ್ಟು ದಿನಗಳಲ್ಲಿ ಒಬ್ಬ ಮನೋವೈದ್ಯರೂ ಅವನನ್ನು ನೋಡಿರಲಿಲ್ಲ. ಬಿಪಿಯ ಮಾತ್ರೆಯನ್ನೂ ನಿಲ್ಲಿಸಿದ್ದರು.

ಅಣ್ಣ ಕನ್ನಡ ಶಾಲೆಯಲ್ಲಿ ಕಲಿತವನು. ಅವನ ಮಲಯಾಳ ಪೇಟೆಯ ಲೆಕ್ಕಾಚಾರಕ್ಕೆ ಸಾಕಾಗುವಷ್ಟು. ಆದರೆ ಅಲ್ಲಿ ಕೌನ್ಸೆಲಿಂಗ್ ಎಂದರೆ ದಿನವೂ ಒಂದು ಗಂಟೆಯ ಮಲಯಾಳ ಭಾಷಣ, ಬಳಿಕ ಅದನ್ನು ನೋಟ್‌ಪುಸ್ತಕದಲ್ಲಿ ಬರೆಯುವುದು. ಅವನ ಪುಸ್ತಕ ತೆರೆದು ನೋಡಿದೆ. ಅರ್ಥವಾಗದ ಮಲಯಾಳ ವಾಕ್ಯಗಳನ್ನು ಕಿವಿಗೆ ಬಿದ್ದಂತೆ ಕನ್ನಡ ಅಕ್ಷರಗಳಲ್ಲಿ ಮೂವತ್ತು ಪುಟ ಬರೆದಿದ್ದ. ಅಂದೇ ಕರೆದುಕೊಂಡು ಬಂದೆ. ಹಣ ವಾಪಸು ಬರಲಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಅದರಂತೆ, ಸ್ವಇಚ್ಛೆಯಿಂದ ದಾಖಲಾದವನು ತನ್ನ ಇಚ್ಛೆಯಿಂದ ಹೊರಬರಬಹುದು. ಅವನು ನಿರ್ಧರಿಸುವ ಸ್ಥಿತಿಯಲ್ಲಿಲ್ಲದೆ ಮನೆಯವರ ಅರ್ಜಿಯ ಮೇಲೆ ಸೇರಿಸುವುದಾದರೆ, ಮನೋವೈದ್ಯರೂ ಸೇರಿದಂತೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಮತ್ತು ಆ ದಾಖಲಾತಿಯ ಅವಧಿ 30 ದಿನಗಳನ್ನು ಮೀರುವಂತಿಲ್ಲ. ಮುಂದುವರಿಸಲು ಪುನಃ ಪರೀಕ್ಷೆಯಾಗಬೇಕು. ಸಮಂಜಸ ಹೊತ್ತಿನಲ್ಲಿ ಫೋನು ಮಾಡುವುದು ರೋಗಿಯ ಹಕ್ಕು. ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಸೇರಿಸುವ ಮುನ್ನ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನು ಕೇಳಿ ನೋಡಿ. ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಕೌನ್ಸೆಲಿಂಗ್ ಕನ್ನಡದಲ್ಲೋ ತುಳುವಿನಲ್ಲೋ ಇದೆಯೇ, ಬಿಡುಗಡೆಯ ನಂತರ ಯಾರ ಬಳಿಗೆ ಹೋಗಬೇಕು ಎಂದು ಕೇಳಿ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇವೆ.

ಇನ್ನೊಂದು ಮಾತು: ಸಾಂಬಾರಿನಲ್ಲಿ ಗೊತ್ತಾಗದಂತೆ ಬೆರೆಸುವ ಮದ್ದನ್ನು ಯಾರಾದರೂ ಕೊಡಬಂದರೆ ಕೈಯಲ್ಲಿ ಮುಟ್ಟಬೇಡಿ. ಅದು ಡೈಸಲ್ಫಿರಾಮ್ (ಮದ್ಯ ಮೈಗೆ ಒಗ್ಗದಂತೆ ಮಾಡುವ ಮದ್ದು) ಆಗಿದ್ದರೆ, ಅರಿಯದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು.

ಈಗ ಅಣ್ಣ ಪ್ರತಿ ಮಂಗಳವಾರ ಬಸ್ಸಿನಲ್ಲಿ ಮನೋವೈದ್ಯರ ಬಳಿ ಹೋಗಿಬರುತ್ತಾನೆ. ನಡುವೆ ಒಮ್ಮೆ ಜಾರಿದ, ಮರುದಿನ ತಾನೇ ಹೋಗಿ ಹೇಳಿದ. ಅವನ ಫೈಲಿನ ಮೊದಲ ಪುಟದಲ್ಲಿ, ಡಾಕ್ಟರ ಕಣ್ಣಿಗೆ ಬೀಳುವಂತೆ, ಅತ್ತಿಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ‘ಇವರಿಗೆ ಮೂರು ಸಲ ಫಿಟ್ಸ್ ಬಂದಿದೆ.’