ಸೆಮಿಟಿಕ್ ಧಾತುಗಳ ಅನುಬಂಧ: ಪುಕ್ಕಟೆ ಸಿಗುವ ದೊಡ್ಡ ಸಾಧನ

ಇಂಗ್ಲಿಷ್ ನಿಘಂಟಾದ ಅಮೆರಿಕನ್ ಹೆರಿಟೇಜ್ ಡಿಕ್ಷನರಿಯ ವೆಬ್‌ಸೈಟನ್ನು ತುಂಬಾ ಜನ ಬಳಸುತ್ತಾರೆ. ಆದರೆ ಅಲ್ಲಿರುವ ಸೆಮಿಟಿಕ್ ಧಾತುಗಳ ಅನುಬಂಧವನ್ನು ತೆರೆದು ನೋಡುವವರು ಕಡಿಮೆ. ಸೆಮಿಟಿಕ್ ಅಂದರೆ ಅರಬ್ಬಿ, ಹೀಬ್ರೂ, ಅರಾಮಿಕ್ ಮುಂತಾದ ಭಾಷೆಗಳ ಕುಟುಂಬ. ಧಾತು ಅಂದರೆ ಪದಗಳು ಹುಟ್ಟುವ ಮೂಲ, ಸಾಮಾನ್ಯವಾಗಿ ಮೂರು ವ್ಯಂಜನಗಳದ್ದು. ಭಾಷಾಶಾಸ್ತ್ರಜ್ಞ ಜಾನ್ ಹ್ಯೂನರ್‌ಗಾರ್ಡ್ ಅವರ ಈ ಕೆಲಸ 2000ದ ನಾಲ್ಕನೇ ಆವೃತ್ತಿಯಲ್ಲಿ ಮೊದಲು ಸೇರಿತು. ಈಗ ದುಡ್ಡು ಕೊಡದೆ ಓದಬಹುದು.

ನಾನು ಖಜಾನೆ ಇಲಾಖೆಯಲ್ಲಿ ಕೆಲಸ ಮಾಡುವವಳು. ಹಾಗಾಗಿ ನನಗೆ ಇಷ್ಟವಾದ ಉದಾಹರಣೆ 'ಮ್ಯಾಗಜೀನ್'. ಅದನ್ನು ಹುಡುಕಿದರೆ ವಿವರಣೆಯ ಕೊನೆಗೆ ಖ್-ಜ್-ನ್ ಧಾತು ಸಿಗುತ್ತದೆ. ಕೂಡಿಡು ಅಂತ ಅರ್ಥ. ಅರಬ್ಬಿಯ ಮಖ್ಜನ್ ಎಂದರೆ ಉಗ್ರಾಣ. ಅದು ಇಟಲಿ, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಹೋಯಿತು. ಅದೇ ಧಾತುವಿನ ಖಿಜಾನಾ ಪಾರಸಿ ಹಿಡಿದು ನಮ್ಮ ಕಚೇರಿಯ ಬೋರ್ಡಿಗೆ ಬಂತು!

ಆದರೆ ಸುಮ್ನೆ ಪದಗಳ ಪಟ್ಟಿಗೆ ಹಾರಬೇಡಿ. ಮೊದಲು ಹ್ಯೂನರ್‌ಗಾರ್ಡ್ ಅವರ ಪೀಠಿಕೆ ಲೇಖನ ಓದಿ. ಕೇಳಲು ಒಂದೇ ಥರ ಇದ್ದರೆ ನೆಂಟಸ್ತಿಕೆ ಇದೆ ಅಂತ ಅಲ್ಲ, ಧ್ವನಿ ಬದಲಾವಣೆ ಮತ್ತೆ ಮತ್ತೆ ಒಂದೇ ರೀತಿ ಬರಬೇಕು. ಮೂರಕ್ಕೆ ಅರಬ್ಬಿಯಲ್ಲಿ ಥಲಾಥಾ, ಹೀಬ್ರೂನಲ್ಲಿ ಶಲೋಶ್, ಅರಾಮಿಕ್‌ನಲ್ಲಿ ತ್ಲಾತಾ. ಎಂಟಕ್ಕೆ ಥಮಾನಿಯಾ, ಶ್ಮೋನೆ, ತ್ಮಾನ್ಯಾ. ಗೂಳಿಗೆ ಥೌರ್, ಶೋರ್, ತೌರಾ. ಅರಬ್ಬಿಯ ಥ ಇದ್ದ ಕಡೆ ಹೀಬ್ರೂನಲ್ಲಿ ಶ, ಅರಾಮಿಕ್‌ನಲ್ಲಿ ತ. ಹಳಗನ್ನಡದ ಪಾಲ್, ಪುಲಿ ನಮಗೆ ಹಾಲು, ಹುಲಿ ಆದವಲ್ವಾ, ಅಷ್ಟೇ ಕಟ್ಟುನಿಟ್ಟು. ಇದು ತಲೆಗೆ ಹತ್ತಿದ ಮೇಲೆ ಪಟ್ಟಿ ಓದುವ ಖುಷಿಯೇ ಬೇರೆ.

ಕೊರತೆ ಎರಡು. ಇಂಗ್ಲಿಷಿಗೆ ಪದ ಕೊಟ್ಟ ಧಾತುಗಳಿಗೆ ಮಾತ್ರ ಇಲ್ಲಿ ಜಾಗ. ಮತ್ತೆ ಇದರ ಗಮನವೆಲ್ಲ ಸೆಮಿಟಿಕ್ ಮೇಲೆ. ಸೆಮಿಟಿಕ್ ಜೊತೆಗೆ ಪ್ರಾಚೀನ ಈಜಿಪ್ಟಿನ ಭಾಷೆ, ಹೌಸಾ, ಬರ್ಬರ್ ಎಲ್ಲ ಸೇರುವ ದೊಡ್ಡ ಆಫ್ರೋಏಷ್ಯಾಟಿಕ್ ಕುಟುಂಬ ನೋಡಬೇಕೆಂದರೆ ಇದು ಸಾಲದು. ಸಾಯುವುದಕ್ಕೆ ಅರಬ್ಬಿಯಲ್ಲಿ ಮ್-ವ್-ತ್, ಪ್ರಾಚೀನ ಈಜಿಪ್ಟಿನಲ್ಲೂ ಅದೇ ಮೂರು ವ್ಯಂಜನ, ನೈಜೀರಿಯಾದ ಹೌಸಾದಲ್ಲಿ ಮುತು. ನಾಲಿಗೆಗೆ ಅರಬ್ಬಿಯಲ್ಲಿ ಲಿಸಾನ್, ಈಜಿಪ್ಟಿನ ಹಳೆ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್‌ನಲ್ಲಿ ಲಾಸ್, ಉತ್ತರ ಆಫ್ರಿಕಾದ ಬರ್ಬರ್‌ನಲ್ಲಿ ಇಲ್ಸ್. ಇಂಥವನ್ನು ಜೋಡಿಸಲು ಆಯಾ ಭಾಷೆಯ ನಿಘಂಟುಗಳನ್ನೇ ತಿರುವಿ ಹಾಕಬೇಕು.

ಅರಬ್ಬಿ ಲಿಪಿ ಬಾರದಿದ್ದರೂ ತೊಂದರೆ ಇಲ್ಲ, ಧಾತುಗಳೆಲ್ಲ ರೋಮನ್ ಅಕ್ಷರದಲ್ಲೇ ಇವೆ. ಲಿಪಿ ಬರುವವರು ಜೊತೆಗೆ ಹಾನ್ಸ್ ವೇರ್ ಅವರ ಅರಬ್ಬಿ ನಿಘಂಟನ್ನೂ ಇಟ್ಟುಕೊಳ್ಳಿ. ಅದರಲ್ಲಿ ಪದಗಳು ಧಾತುವಿನ ಕೆಳಗೆ ಇರುತ್ತವೆ. ಮಕ್ತಬ್ (ಕಚೇರಿ) ಬೇಕೆಂದರೆ ಮೀಮ್ (ಮ ಅಕ್ಷರ) ಅಲ್ಲ, ಕಾಫ್ (ಕ ಅಕ್ಷರ) ಪುಟ ತೆಗೆಯಬೇಕು, ಏಕೆಂದರೆ ಅದರ ಧಾತು ಕ್-ತ್-ಬ್. ಕಿತಾಬ್ (ಪುಸ್ತಕ), ಕಾತಿಬ್ (ಬರೆಯುವವನು) ಎಲ್ಲ ಒಟ್ಟಿಗೆ ಅಲ್ಲೇ ಇರುತ್ತವೆ.