ಪೈಥಾನ್ ಲಾಗಿಂಗ್: ಕಾಟಾ ಸ್ಕ್ರಿಪ್ಟಿಗೆ ವರ್ಷಗಟ್ಟಲೆ ಬಳಸಿದ ಮೇಲೆ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಲಾರಿ ಕಾಟಾಕ್ಕೆ ನಾನು ಬರೆದ ಪೈಥಾನ್ ಸ್ಕ್ರಿಪ್ಟ್ ಇದೆ. ಸೀರಿಯಲ್ ಪೋರ್ಟಿನಿಂದ ತೂಕ ಓದುತ್ತೆ, ಚೀಟಿ ಪ್ರಿಂಟ್ ಮಾಡುತ್ತೆ, ಅಷ್ಟೇ. ಮೊದಲು ಎಲ್ಲರ ಹಾಗೆ ಫೈಲಿನ ತಲೆಯಲ್ಲಿ, ತಪ್ಪು ಹುಡುಕುವಾಗ ಆನ್ ಮಾಡೋಕೆ ಡಿಬಗ್ ಅಂತ ಒಂದು ಫ್ಲಾಗ್, ಒಳಗೆ ಕಂಡಕಂಡಲ್ಲಿ ‘ಇಫ್ ಡಿಬಗ್, ಪ್ರಿಂಟ್’. ಅದಕ್ಕೆ ಎರಡೇ ಸ್ಥಿತಿ: ಒಂದೋ ಪರದೆ ತುಂಬ ಕಸ, ಇಲ್ಲಾ ಪೂರ್ತಿ ಮೌನ. ಹೊರಗಿನಿಂದ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಕೊಡೋಣ ಅಂದ್ರೆ ಅಲ್ಲಿ ಬರೋದೆಲ್ಲ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರಗಳ ಸಾಲು. ‘ಫಾಲ್ಸ್’ ಅಂತ ಬರೆದರೂ ಅದು ಖಾಲಿ ಅಲ್ಲದ ಸ್ಟ್ರಿಂಗ್, ಹಾಗಾಗಿ ಪೈಥಾನ್‌ಗೆ ಟ್ರೂ! ‘0’ ಅಂತ ಬರೆದರೂ ಅದೇ ಕಥೆ.

ಅದಕ್ಕೇ, ಪ್ರೋಗ್ರಾಂ ಓಡುವಾಗ ಏನೇನಾಯ್ತು ಅಂತ ಬರೆದಿಡುವ ಲಾಗಿಂಗ್ ಮಾಡ್ಯೂಲ್‌ಗೆ ಬಂದೆ. 2003ರಲ್ಲಿ ಬಂದ 2.3 ಆವೃತ್ತಿಯಿಂದ ಪೈಥಾನ್ ಜೊತೆಗೇ ಸಿಗುತ್ತೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮಿಲ್ಲಿನಲ್ಲಿ ನೆಟ್ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ, ಹಾಗಾಗಿ ನನಗೆ ಇದು ದೊಡ್ಡ ಮಾತು. ಅದರಲ್ಲಿ ಡಿಬಗ್, ಇನ್ಫೋ, ವಾರ್ನಿಂಗ್ ಅಂತ ಲೆವೆಲ್‌ಗಳಿವೆ: ಡಿಬಗ್ ಇಟ್ಟರೆ ಸಣ್ಣಪುಟ್ಟದ್ದೂ ಬರುತ್ತೆ, ವಾರ್ನಿಂಗ್ ಇಟ್ಟರೆ ಎಚ್ಚರಿಕೆ ಮತ್ತು ಅದಕ್ಕಿಂತ ಗಂಭೀರವಾದದ್ದು ಮಾತ್ರ. ನನಗೆ ಹಿಡಿಸಿದ್ದು ಒಂದೊಂದು ಭಾಗಕ್ಕೂ ಬೇರೆ ಲಾಗರ್ (ಲಾಗ್ ಬರೆಯೋನು) ಇಡಬಹುದು ಅನ್ನೋದು. ಪ್ರಿಂಟರ್ ಭಾಗ ವಾರ್ನಿಂಗ್‌ನಲ್ಲಿ ಸುಮ್ನಿರುತ್ತೆ, ತೂಕದ ಭಾಗ ಮಾತ್ರ ಡಿಬಗ್‌ನಲ್ಲಿ.

ಸುಗ್ಗಿಯಲ್ಲಿ ಬೆಳಗ್ಗೆ ಮೊದಲ ಭತ್ತದ ಲಾರಿ ಕಾಟಾ ಹತ್ತುವಾಗ ಚಹಾ ಹಿಡಿದು, ಲಾಗ್ ಫೈಲಿಗೆ ಟೇಲ್ ಮೈನಸ್ ಎಫ್ (ಹೊಸ ಸಾಲು ಬಂದಂತೆ ತೋರಿಸೋ ಕಮಾಂಡ್) ಹಾಕಿ ಕೂರುತ್ತೇನೆ. ಮುಂದಿನ ಗಾಲಿ ಹತ್ತಿದಾಗ ಒಂದು ತೂಕ, ಹಿಂದಿನದು ಹತ್ತಿದಾಗ ಇನ್ನೊಂದು, ಆಮೇಲೆ ಸ್ವಲ್ಪ ಹೊತ್ತು ಅಂಕಿ ಮೇಲೆ ಕೆಳಗೆ ಆಡುತ್ತೆ, ಡ್ರೈವರ್ ಇಳಿದ ಮೇಲೆ ಒಂದು ಕಡೆ ನಿಲ್ಲುತ್ತೆ. ಎಲ್ಲಾ ಮಿಲಿಸೆಕೆಂಡ್ ಸಮೇತ ಸಾಲು ಸಾಲಾಗಿ. ‘ನಿಮ್ಮ ಕಾಟಾದಾಗ ಏನೋ ಐತ್ರಿ’ ಅಂತ ರೈತರು ಜಗಳಕ್ಕೆ ಬಂದರೆ ಆ ಸಾಲುಗಳನ್ನೇ ತೋರಿಸ್ತೀನಿ. ಮಧ್ಯರಾತ್ರಿ ಫೈಲ್ ತಾನೇ ಬದಲಾಗುತ್ತೆ, ಹಳೇವು ತಾನೇ ಅಳಿಸಿಹೋಗುತ್ತವೆ.

ಆದರೆ ಲಾಗಿಂಗ್ ಸೆಟ್ ಮಾಡೋಕೆ ಬೇಸಿಕ್ ಕಾನ್ಫಿಗ್ ಅನ್ನೋ ಫಂಕ್ಷನ್ ಇದೆಯಲ್ಲ, ಅದರ ಮೇಲೆ ನನಗೆ ಈಗಲೂ ಸಿಟ್ಟಿದೆ. ಎಲ್ಲಾ ಲಾಗರ್‌ಗಳ ಮೇಲಿರೋ ರೂಟ್ ಲಾಗರ್‌ಗೆ ಆಗಲೇ ಒಂದು ಹ್ಯಾಂಡ್ಲರ್ (ಸಾಲುಗಳನ್ನು ಪರದೆಗೋ ಫೈಲಿಗೋ ಕಳಿಸೋದು) ಇದ್ದರೆ ಈ ಫಂಕ್ಷನ್ ಏನೂ ಮಾಡಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಯಾವುದೋ ಲೈಬ್ರರಿ ಇಂಪೋರ್ಟ್ ಆಗುವಾಗ ಲಾಗಿಂಗ್ ಡಾಟ್ ಇನ್ಫೋ ಅಂತ ಒಂದೇ ಸಾಲು ಕರೆದಿದ್ದರೂ ಸಾಕು, ಹ್ಯಾಂಡ್ಲರ್ ಅಂಟಿಕೊಂಡಿರುತ್ತೆ, ಆಮೇಲೆ ನೀವು ಕೊಟ್ಟ ಡಿಬಗ್ ಲೆವೆಲ್ ಗಾಳಿಗೆ ಹೋಗುತ್ತೆ, ಡೀಫಾಲ್ಟ್ ವಾರ್ನಿಂಗೇ ಉಳಿಯುತ್ತೆ. ಇದಕ್ಕೆ ‘ಫೋರ್ಸ್’ ಅನ್ನೋ ಆರ್ಗ್ಯುಮೆಂಟ್ ಬಂದಿದ್ದು 2019ರಲ್ಲಿ, 3.8 ಆವೃತ್ತಿಗೆ. ಹದಿನಾರು ವರ್ಷ ಬೇಕಿತ್ತಾ? ಕಾಟಾ ರೂಮಿನ ಹಳೇ ಪಿಸಿಯಲ್ಲಿ ಇರೋದು 3.6. ಹೊಸ ಪಿಸಿಗೆ ಸಾವ್ಕಾರ್ರು ದುಡ್ಡು ಬಿಚ್ಚಲ್ಲ, ಹಾಗಾಗಿ ಹಳೇ ಹ್ಯಾಂಡ್ಲರ್‌ಗಳನ್ನು ಕೈಯಾರೆ ಕಿತ್ತುಹಾಕುವ ಮೂರು ಸಾಲು ನಮ್ಮಲ್ಲಿ ಇನ್ನೂ ಇವೆ.

ಇನ್ನೊಂದು, ಡಿಬಗ್ ಸಾಲಿನಲ್ಲಿ ಎಫ್-ಸ್ಟ್ರಿಂಗ್ (ಒಳಗೇ ಬೆಲೆ ತುಂಬಿಸೋ ಸ್ಟ್ರಿಂಗ್) ಬೇಡ. ಲೆವೆಲ್ ಆಫ್ ಇದ್ದರೂ ಆ ಸ್ಟ್ರಿಂಗ್ ತಯಾರಾಗೇ ಆಗುತ್ತೆ. ತೂಕ ಬರೋ ಜಾಗಕ್ಕೆ ಪರ್ಸೆಂಟ್ ಎಸ್ ಹಾಕಿ ತೂಕವನ್ನು ಬೇರೆ ಆರ್ಗ್ಯುಮೆಂಟ್ ಆಗಿ ಕೊಟ್ಟರೆ, ಬೇಕಾದಾಗ ಮಾತ್ರ ಜೋಡಿಸುತ್ತೆ.

ಸಣ್ಣ ಸ್ಕ್ರಿಪ್ಟ್ ಆದರೆ ಪ್ರಿಂಟೇ ಸಾಕು ಬಿಡಿ. ದಿನವಿಡೀ ಓಡೋದಕ್ಕೆ ಮಾತ್ರ ಇದೇ ಇರಲಿ, ಜೊತೆಗೆ ಓಡ್ತಿರೋ ಸ್ಕ್ರಿಪ್ಟಿಗೆ ಹೊರಗಿನಿಂದ ಒಂದು ಸಿಗ್ನಲ್ ಕಳಿಸಿದರೆ ಲೆವೆಲ್ ಬದಲಾಗೋ ಹಾಗೆ ಬರೆದುಕೊಳ್ಳಿ. ಗೇಟಿನ ತನಕ ಲಾರಿ ನಿಂತಿರುವಾಗ ಸ್ಕ್ರಿಪ್ಟ್ ರೀಸ್ಟಾರ್ಟ್ ಮಾಡಿದರೆ ಆ ಹಾರ್ನ್ ತಡ್ಕೊಳ್ಳೋಕಾಗಲ್ಲ.