ಡ್ಯೂಟಿ ಪಟ್ಟಿ ಕೇಳಿ ಮನೆ ತೋರಿಸುವ ಧಾರವಾಡದ ಏಜೆಂಟರು

ಈ ಏಪ್ರಿಲ್‌ನಲ್ಲಿ ನನ್ನ ಹೆಂಡತಿಗೆ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಕೆಲಸ ಸಿಕ್ಕಿತು. ನಾವು ರಾಣೆಬೆನ್ನೂರಿನವರು. ಅಲ್ಲಿಯ ಬೀಜದ ಅಂಗಡಿಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲೂ ಆಗುತ್ತದೆ, ಆದರೂ ವಾರಕ್ಕೆ ಎರಡು ದಿನ ಊರಿಗೆ ಹೋಗಲೇಬೇಕು. ಮಗ ನಾಲ್ಕನೇ ಕ್ಲಾಸು.

ಸತ್ತೂರು ಇರುವುದು ಹುಬ್ಬಳ್ಳಿ ಧಾರವಾಡದ ನಡುವೆ, ಧಾರವಾಡಕ್ಕೆ ಸಮೀಪ. ಮನೆ ಎಲ್ಲಿ ಮಾಡಬೇಕು ಅನ್ನುವುದಕ್ಕೆ ಬಂಧುಗಳಲ್ಲೇ ಎರಡು ಪಕ್ಷವಾದವು. ನಮ್ಮಣ್ಣ, ‘ಹುಬ್ಬಳ್ಯಾಗ ಇರು, ರೈಲು ಕೈಯಾಗ ಇರ್ತದ’ ಎಂದ. ಅತ್ತೆಯವರಿಗೆ ಧಾರವಾಡವೇ ಆಗಬೇಕು: ಹವಾ ತಂಪು, ಶಾಲಿ ಚಲೋ. ನನಗೆ ಅಣ್ಣನ ಮಾತೇ ಸರಿ ಕಂಡಿತು. ಕೇಶ್ವಾಪುರ, ದೇಶಪಾಂಡೆ ನಗರ, ವಿದ್ಯಾನಗರ ಅಂತ ಮೂರು ವಾರ ತಿರುಗಿದೆ. ಆಗ ಸಿಕ್ಕ ಒಬ್ಬ ಏಜೆಂಟ ಮನೆ ತೋರಿಸುವ ಮೊದಲೇ ಫೋನಿನಲ್ಲಿ 500 ರೂಪಾಯಿ ಹಾಕಿಸಿಕೊಂಡು, ಆಗಲೇ ಬಾಡಿಗೆಗೆ ಹೋಗಿದ್ದ ಎರಡು ಮನೆಗಳ ಗೇಟಿನ ಮುಂದೆ ನಿಲ್ಲಿಸಿದ. ಮುಂದೆ ಫೋನ್ ಎತ್ತಲಿಲ್ಲ. ಮನೆ ಒಳಗಿನಿಂದ ನೋಡುವ ತನಕ ಯಾರಿಗೂ ದುಡ್ಡು ಕೊಡಬೇಡಿ.

ಈ ವಿಮರ್ಶೆ ಅವನದ್ದಲ್ಲ. ಆಮೇಲೆ ಧಾರವಾಡದ ಲೈನ್ ಬಜಾರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಹಿರಿಯರದ್ದು. ಅಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಕೇಳದೆ ಹೆಸರು, ನಂಬರು ಹಾಕುವುದು ಸರಿಯಲ್ಲ, ಹಾಗಾಗಿ ನಾನೂ ಕಾಕಾ ಎಂದೇ ಬರೆಯುತ್ತೇನೆ.

ಬೇರೆ ಏಜೆಂಟರು ಮೊದಲು ಕೇಳುವುದು ಬಜೆಟ್ ಎಷ್ಟು, ಎಷ್ಟು ಬೆಡ್‌ರೂಮ್ ಅಂತ. ಕಾಕಾ ಕೇಳಿದ್ದು, ‘ನೌಕರಿ ಯಾರದ್ರಿ ಸರ?’ ಹೆಂಡತಿಯದು ಅಂದೆ. ‘ಹಂಗಾದ್ರ ತಂಗೀದು ಡ್ಯೂಟಿ ಪಟ್ಟಿ ತೋರಿಸ್ರಿ.’ ಅವಳು ಮೊಬೈಲಿನಲ್ಲಿದ್ದ ಪಟ್ಟಿ ತೋರಿಸಿದಳು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ತಿಂಗಳಿಗೊಂದು ವಾರ ರಾತ್ರಿ ಪಾಳಿ. ಕಾಕಾ ಕನ್ನಡಕ ಹಾಕಿಕೊಂಡು ಸಾವಕಾಶ ಓದಿದರು. ಮೂರು ವಾರ ನಾನು ಹುಡುಕಿದ್ದು ರೈಲಿಗೆ ಹತ್ತಿರದ ಮನೆ. ವಾರಕ್ಕೆ ಎರಡು ಸಲ ಹೋಗುವ ನನ್ನ ಅನುಕೂಲಕ್ಕೆ ವಾರಕ್ಕೆ ಆರು ದಿನ ಹೋಗುವ ಅವಳನ್ನು ದೂರ ಇಡಲು ಹೊರಟಿದ್ದೆ ಅನ್ನುವುದು ಅಲ್ಲೇ ತಲೆಗೆ ಹೊಳೆಯಿತು.

ಮೊದಲು ತೋರಿಸಿದ್ದು ವಿದ್ಯಾಗಿರಿಯಲ್ಲಿ ಮೊದಲ ಮಹಡಿಯ ಮನೆ. ಗಾಳಿ ಬೆಳಕು ಚೆನ್ನಾಗಿತ್ತು, ಬಾಡಿಗೆಯೂ ನಮ್ಮ ಕೈಗೆ ಎಟುಕುವಂಥದ್ದು. ನಾನು ಹೂಂ ಅನ್ನುವಷ್ಟರಲ್ಲಿ ಅವರೇ, ‘ಬ್ಯಾಡ್ರಿ ಸರ, ಕೆಳಗ ಹಿಟ್ಟಿನ ಗಿರಣಿ ಐತಿ. ರಾತ್ರಿ ಪಾಳಿ ಮುಗಿಸಿ ಬಂದ ತಂಗಿ ಹಗಲ ಹೆಂಗ ಮಲಗ್ಬೇಕು?’ ಎಂದು ಇಳಿದೇ ಬಿಟ್ಟರು. ಕಣ್ಣೆದುರಿಗಿದ್ದ ಕಮಿಷನ್ ಬಿಟ್ಟ ಏಜೆಂಟರನ್ನು ನಾನು ನೋಡಿದ್ದು ಅದೇ ಮೊದಲು.

ನೀರಿನ ವಿಷಯ ಹೊಸಬರಿಗೆ ಹೇಳಲೇಬೇಕು. ಅವಳಿ ನಗರದ ಕೆಲವು ವಾರ್ಡ್‌ಗಳಲ್ಲಿ 2008ರಿಂದಲೇ ದಿನದ 24 ಗಂಟೆಯೂ ನಳದಲ್ಲಿ ನೀರು ಇರುತ್ತದೆ. ಅದೇ ಊರಿನ ಬೇರೆ ಓಣಿಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಕೆಲವು ಕಡೆ ವಾರ ದಾಟಿದ ಮೇಲೆ ಬರುತ್ತದೆ. ಎರಡೂ ಕಡೆ ಬರುವುದು ಹೆಚ್ಚಾಗಿ ಮಲಪ್ರಭಾ ನೀರೇ, ಎರಡೂ ಕಡೆ ಮನೆ ಮಾಲೀಕರು ‘ನೀರಿಂದೇನೂ ತ್ರಾಸಿಲ್ಲ’ ಎಂದೇ ಹೇಳುತ್ತಾರೆ. ಕಾಕಾ ಮಾಲೀಕರನ್ನು ಕೇಳುವುದೇ ಇಲ್ಲ. ಪಕ್ಕದ ಮನೆಯ ಅಂಗಳದಲ್ಲಿ ಭಾಂಡೆ ತೊಳೆಯುತ್ತಿದ್ದ ಅಜ್ಜಿಗೆ, ‘ಯವ್ವಾ, ಮನ್ನೆ ನೀರ ಯಾವಾಗ ಬಂದಿತ್ರಿ?’ ಎಂದು ಕೇಳಿ, ಉತ್ತರ ಕೇಳಿ, ಆಮೇಲೆ ಮಾಳಿಗೆ ಮೇಲೆ ಹತ್ತಿ ಸಿಂಟೆಕ್ಸ್ ಟಾಕಿ ಎಷ್ಟು ಲೀಟರಿನದು ಅಂತ ನೋಡಿ ಬರುತ್ತಾರೆ. ನೆಲದೊಳಗೆ ಟಾಕಿ ಇಲ್ಲದೆ, ಮೇಲೆ 500 ಲೀಟರಿನದೊಂದೇ ಇದ್ದ ಮನೆಯನ್ನು ನಾವು ಒಳಗೂ ಹೋಗಿ ನೋಡಲಿಲ್ಲ.

ಇನ್ನೊಂದು ಮನೆಯಲ್ಲಿ ಅವರು ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಸದಾಗಿ ಸುಣ್ಣ ಬಣ್ಣ ಆದ ಮನೆ. ಬಾಗಿಲಿನ ಮೇಲ್ಗಡೆ ಮೂಲೆಯಿಂದ ಚಾವಣಿ ಕಡೆಗೆ ಓರೆಯಾಗಿ ಕೂದಲೆಳೆಯಂಥ ಗೆರೆ. ಕಾಕಾ ಉಗುರಿನಿಂದ ಬಣ್ಣ ಕೆರೆದರು, ಜೇಬಿನಿಂದ ಬಸ್ ಟಿಕೆಟ್ ತೆಗೆದು ಆ ಗೆರೆಗೆ ಒತ್ತಿದರು. ಅರ್ಧ ಟಿಕೆಟ್ ಒಳಗೆ ಹೋಯಿತು. ‘ಎರಿ ಹೊಲದಾಗ ಪಾಯ ತೆಗೆದು ಕಟ್ಟ್ಯಾರ. ಬ್ಯಾಸಗ್ಯಾಗ ಮಣ್ಣು ಬಾಯಿ ತಗೀತದ, ಮಳಿಗಾಲದಾಗ ಉಬ್ಬತದ. ಈ ಗ್ವಾಡಿ ವರ್ಷಾ ಮಾತಾಡ್ತದ’ ಎಂದರು. ಧಾರವಾಡದ ಒಂದು ಮಗ್ಗುಲು ಕೆಂಪು ಮಣ್ಣು, ಇನ್ನೊಂದು ಮಗ್ಗುಲು ಎರಿ, ಅಂದರೆ ಕಪ್ಪು ಮಣ್ಣು. ಬಾಡಿಗೆಗೆ ಹೋಗುವವರು ಇದನ್ನು ಯಾಕೆ ನೋಡಬೇಕು ಅನ್ನಬೇಡಿ. ಮಳೆಗಾಲದಲ್ಲಿ ಆ ಬಿರುಕಿನಿಂದ ಇಳಿಯುವ ತೇವದ ಪಕ್ಕದಲ್ಲೇ ಮಗು ಮಲಗಬೇಕು.

ಕೊನೆಗೆ ಲಕಮನಹಳ್ಳಿ ಕಡೆ ಎರಡು ಮನೆಗಳು ಉಳಿದವು. ದೊಡ್ಡದು, ಕಾಂಪೌಂಡ್, ಎರಡು ತೆಂಗಿನ ಗಿಡ ಇದ್ದದ್ದು ರಸ್ತೆಯಿಂದ ಒಳಗೆ. ಸಣ್ಣದು ರಸ್ತೆಗೆ ಹತ್ತಿರ. ಸಂಜೆ ಐದಕ್ಕೆ ಎರಡನ್ನೂ ನೋಡಿ ನಾವು ದೊಡ್ಡದನ್ನೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆವು. ಕಾಕಾ ಟೋಕನ್ ಹಣ ತೆಗೆದುಕೊಳ್ಳಲಿಲ್ಲ. ‘ರಾತ್ರಿ ಎಂಟೂವರಿಗೆ ಬರ್ರಿ. ಮಧ್ಯಾಹ್ನದ ಪಾಳಿ ಬಿಟ್ಟಾಗ ತಂಗಿ ಬರೂ ಹೊತ್ತು ಅದು’ ಎಂದರು.

ಹೋದೆವು. ಹುಬ್ಬಳ್ಳಿ ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿನ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಇಳಿದ ಮೇಲೆ ಒಂದು ಬದಿಯ ವಾಹನಗಳನ್ನು ದಾಟಲೇಬೇಕು. ಕಾಕಾ ನನ್ನನ್ನು ಹಿಂದೆ ನಿಲ್ಲಿಸಿ, ‘ನೀವು ಬ್ಯಾಡ, ತಂಗಿ ಒಬ್ಬಾಕೀನ ಮುಂದ ನಡೀಲಿ’ ಎಂದರು. ಅವಳು ಪಟ್ಟೆ ದಾಟಿ ಓಣಿ ಹಿಡಿದಳು, ನಾವು ಇಪ್ಪತ್ತು ಹೆಜ್ಜೆ ಹಿಂದೆ. ಮೊದಲ ತಿರುವಿನ ತನಕ ದೀಪ ಇತ್ತು. ಆಮೇಲೆ ಎಡಬಲ ಖಾಲಿ ಪ್ಲಾಟು, ಕಾಂಗ್ರೆಸ್ ಕಳೆ, ಕತ್ತಲು. ಎರಡು ನಾಯಿ ಎದ್ದು ನಿಂತವು. ಅವಳು ಮೊಬೈಲಿನ ಬ್ಯಾಟರಿ ಹಚ್ಚಿದಳು, ನಾಲ್ಕು ಹೆಜ್ಜೆ ಹಾಕಿ ನಿಂತಳು, ತಿರುಗಿ ನನ್ನ ಕಡೆ ನೋಡಿದಳು. ದೊಡ್ಡ ಮನೆ ಅಲ್ಲಿಗೆ ಮುಗಿಯಿತು. ಸಣ್ಣ ಮನೆಗೆ ನಿಲ್ದಾಣದಿಂದ ನಾಲ್ಕು ನಿಮಿಷ. ದಾರಿಯಲ್ಲಿ ಒಂದು ಕಿರಾಣಿ ಅಂಗಡಿ, ಒಂದು ಮೆಡಿಕಲ್ ಶಾಪ್, ಎರಡೂ ಆ ಹೊತ್ತಿಗೆ ತೆರೆದಿದ್ದವು. ಬಾಡಿಗೆ 11,000, ಡಿಪಾಸಿಟ್ 50,000. ಕಾಕಾರ ಕಮಿಷನ್ ಒಂದು ತಿಂಗಳ ಬಾಡಿಗೆ.

ಊರಿಗೆ ಹೋಗುವ ದಿನ ನಾನು ಅದೇ ನಿಲ್ದಾಣದಿಂದ ಚಿಗರಿ ಹಿಡಿದು ಹುಬ್ಬಳ್ಳಿ ರೈಲ್ವೆ ನಿಲ್ದಾಣಕ್ಕೆ ಹೋಗುತ್ತೇನೆ. ಒಂದು ತಾಸು ಮೊದಲು ಏಳಬೇಕು, ಅಷ್ಟೇ.

ಕೊರತೆಗಳೂ ಇವೆ. ಕಾಕಾ ಫೋಟೊ ಕಳಿಸುವುದಿಲ್ಲ, ವಾಟ್ಸಾಪ್ ನೋಡುವುದಿಲ್ಲ. ಬೆಂಗಳೂರು, ಮಂಗಳೂರಿನಿಂದ ಬರುವವರು ಅಲ್ಲಿಂದಲೇ ಆರಿಸುವ ಆಸೆ ಬಿಡಬೇಕು. ಅಮಾವಾಸ್ಯೆ ಎಂದು ಕೀಲಿ ಕೊಡಿಸಲಿಲ್ಲ, ನಮಗೆ ಎರಡು ದಿನ ಲಾಡ್ಜಿನ ಖರ್ಚು ಹೆಚ್ಚಾಯಿತು. ಮನೆಯಲ್ಲಿ ತತ್ತಿ ತಿನ್ನುತ್ತೀರಾ, ಯಾವ ಮಂದಿ ಎಂದು ಅವರೂ ಕೇಳಿದರು. ಆ ಪ್ರಶ್ನೆ ನನಗೆ ನೋವು ಕೊಟ್ಟಿತು, ಈಗಲೂ ಅದು ತಪ್ಪೆಂದೇ ಹೇಳುತ್ತೇನೆ. ನಮ್ಮ ಹುಡುಗ ದಿನಾ ತತ್ತಿ ತಿನ್ನುತ್ತಾನೆ ಅಂದ ಮೇಲೆ ಎರಡು ಮನೆಗಳ ಹೆಸರನ್ನು ತಾವೇ ಬಿಟ್ಟರು.

ದೊಡ್ಡ ದೂರು ಕರಾರು ಪತ್ರದ ಬಗ್ಗೆ. 11 ತಿಂಗಳಿನದು, ಎಲ್ಲ ಕಡೆ ಇರುವಂತೆ. ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕಾಗುತ್ತದೆ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಸಾಲು ಮೂರನೇ ಪುಟದಲ್ಲಿತ್ತು. ಕಾಕಾ ಅದನ್ನು ಓದಿ ಹೇಳಲಿಲ್ಲ, ಸಹಿ ಮಾಡುವಾಗ ಕಂಡಿದ್ದು ನನ್ನ ಕಣ್ಣಿಗೆ. ವಾದಿಸಿ ಅರ್ಧಕ್ಕೆ ಇಳಿಸಿದೆ. ಗೋಡೆ ಬಿರುಕನ್ನು ಅಷ್ಟು ನಿಗಾ ಇಟ್ಟು ನೋಡುವವರು ಕಾಗದವನ್ನೂ ಹಾಗೆ ನೋಡಬೇಕಿತ್ತು. ಅದಕ್ಕೇ ಐದಕ್ಕೆ ನಾಲ್ಕು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆಯಾದ ಮರುದಿನ ಕರೆಯದೆಯೇ ಬಂದರು. ಗೋಡೆಗಳಿಗೆ ಅಂಗೈ ಇಟ್ಟು ನೋಡಿದರು, ಚಹಾ ಕುಡಿದರು. ಅವಳು ರಾತ್ರಿ ಪಾಳಿ ಮುಗಿಸಿ ಮಲಗಿದ್ದಾಳೆ ಅಂದಾಗಿನಿಂದ ಹೋಗುವ ತನಕ ಪಿಸುಮಾತಿನಲ್ಲೇ ಮಾತಾಡಿದರು.

ಹೋಗುವವರು ಸಂಜೆ ನಾಲ್ಕರ ಮೇಲೆ ಹೋಗಿ, ಅದಕ್ಕಿಂತ ಮೊದಲು ಅಂಗಡಿಯಲ್ಲಿ ಇರುವುದಿಲ್ಲ. ನೌಕರಿ ಸಿಕ್ಕವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರ ಡ್ಯೂಟಿ ಪಟ್ಟಿ ಕೈಯಲ್ಲಿರಲಿ.